ನಿನ್ನ ಡಬ್ಬಿಯ ಜರಡಿ

ಮೈಸೂರು
14 ಜೂನ್ 2025, ಶನಿವಾರ

ಸಿಂಚನಾ,

‘ಪ್ರೀತಿಯ’ ಅಂತ ಬರೆದು ಹೊಡೆದುಹಾಕಿದ್ದು ಮೇಲೆ ಕಾಣುತ್ತಿರಬೇಕು. ಆ ಪದ ಬಳಸುವ ಹಕ್ಕು ನನಗೆ ಉಳಿದಿದೆಯೋ ಇಲ್ಲವೋ, ಈ ಕಾಗದ ಓದಿ ಮುಗಿಸಿದ ಮೇಲೆ ನೀನೇ ಹೇಳು. ನಾಲ್ಕು ವರ್ಷದಿಂದ ನೀನು ನನ್ನ ಫೋನು ಎತ್ತಿಲ್ಲ. ನಾನೂ ಮೂರು ಸಲಕ್ಕಿಂತ ಹೆಚ್ಚು ಮಾಡಲಿಲ್ಲ ಅನ್ನು. ನಿನ್ನ ವಿಳಾಸ ಕೊಟ್ಟವನು ನಮ್ಮ ಲ್ಯಾಬಿನ ಅಟೆಂಡರ್ ದೇವಯ್ಯ. ಶ್ರೀರಾಂಪುರದಲ್ಲಿ ಹತ್ತನೇ ಕ್ಲಾಸಿನ ಮಕ್ಕಳಿಗೆ ಟ್ಯೂಷನ್ ಹೇಳಿಕೊಡ್ತೀಯಂತೆ. ಅವನ ಮೊಮ್ಮಗಳೂ ನಿನ್ನ ಹತ್ತಿರವೇ ಬರುತ್ತಾಳಂತೆ. ನೀನು ಬೈಯೋದೇ ಇಲ್ಲ ಅಂತ ಅವಳು ಊರೆಲ್ಲ ಹೇಳಿಕೊಂಡು ಬರುತ್ತಾಳಂತೆ.

ವಿಷಯಕ್ಕೆ ಬರುತ್ತೇನೆ. ಗಿಡ ಬಂದಿದೆ ಕಣೇ. ಒಂದಲ್ಲ, ಹನ್ನೊಂದು. ವೀಳ್ಯದೆಲೆಯ ಬರಿಮೈ ಕೋಶದಿಂದ, ಅಂದರೆ ಸುತ್ತಲಿನ ಗೋಡೆಯನ್ನೆಲ್ಲ ಕಿಣ್ವದಲ್ಲಿ ಕರಗಿಸಿ ಬಿಟ್ಟ ಒಂದೊಂದೇ ಕೋಶದಿಂದ, ಬೇರು ಎಲೆ ಸಮೇತ ಹನ್ನೊಂದು ಗಿಡ. ಹದಿಮೂರು ವರ್ಷ ಇದೇ ಜಪ ಮಾಡಿದ ನನಗೆ ಕುಣಿದಾಡುವಷ್ಟು ಖುಷಿಯಾಗಬೇಕಿತ್ತು. ಆಗಲಿಲ್ಲ. ಮೊದಲನೇ ಎಲೆ ಬಿಚ್ಚಿದ ದಿನ ಮೈಕ್ರೋಸ್ಕೋಪಿನ ಮುಂದೆಯೇ ತಲೆಯಿಟ್ಟು ಮಲಗಿಬಿಟ್ಟೆ. ಕುತ್ತಿಗೆ ತಿರುಗಿಸೋಕೆ ಆಗ್ತಿಲ್ಲ, ಕನ್ನಡಕದ ನಂಬರ್ ಎರಡು ಸಲ ಏರಿತು, ಸಂಜೆ ಬಸ್ಸು ಹತ್ತುವಾಗ ಮೊಣಕಾಲು ಬೇಡ ಅನ್ನುತ್ತದೆ. ಸಾಕಪ್ಪಾ ಸಾಕು ಅನ್ನಿಸಿದೆ.

ನಮ್ಮ ಗೈಡ್ ಅನಂತಪದ್ಮನಾಭ ಸರ್ ಮಾತ್ರ ಮದುವೆಮನೆ ಯಜಮಾನರ ಹಾಗೆ ಓಡಾಡುತ್ತಿದ್ದಾರೆ. ಮೂವತ್ತನೇ ತಾರೀಖು ಅವರ ನಿವೃತ್ತಿ. ಸೋಮವಾರ ಈ ಕೆಲಸದ ಪ್ರಬಂಧ ಪತ್ರಿಕೆಗೆ ಹೋಗಬೇಕು. ಮೈಸೂರೆಲೆಗೆ ಬೀಜ ಆಗೋದಿಲ್ಲ, ತಳಿ ಬೆರೆಸೋಕೆ ದಾರಿಯಿಲ್ಲ, ಕೊಳೆರೋಗ ಬಂದರೆ ಬಳ್ಳಿಗೆ ಬಳ್ಳಿಯೇ ಹೋಗುತ್ತದೆ. ಇನ್ನು ಮೇಲೆ ರೋಗ ತಡೆಯುವ ಕಾಡುಬಳ್ಳಿಯ ಕೋಶದ ಜೊತೆ ಕೂಡಿಸಬಹುದು ಅಂತ ಸರ್ ಸಿಕ್ಕಿದವರಿಗೆಲ್ಲ ಹೇಳುತ್ತಿದ್ದಾರೆ. ಪ್ರಬಂಧದ ಮೇಲೆ ಎರಡೇ ಹೆಸರು. ಮೊದಲು ನನ್ನದು, ಆಮೇಲೆ ಅವರದು.

ನಿನ್ನ ಹೆಸರಿಲ್ಲ. ಇರಬೇಕಾಗಿತ್ತು. ಯಾಕೆಂದರೆ ನಾನು ಮಾಡಿದ್ದು ನೀನು ಲ್ಯಾಬಿನಲ್ಲೇ ಬಿಟ್ಟುಹೋದ ಹಸಿರು ರಟ್ಟಿನ ನೋಟ್‌ಬುಕ್ಕಿನಲ್ಲಿ ಇದ್ದದ್ದೇ. ಬಳ್ಳಿಯನ್ನು ಮೂರು ದಿನ ಕತ್ತಲಲ್ಲಿಟ್ಟು ಎಲೆ ಕೀಳು ಅಂದಿದ್ದೆ, ಹಾಗೇ ಕಿತ್ತೆ. ಕೋಶಗಳನ್ನು ತೇಲಲು ಬಿಡಬೇಡ, ಅಗರ್ ಜೆಲ್ಲಿಯ ಹನಿಯೊಳಗೆ ಕೂರಿಸು ಅಂದಿದ್ದೆ, ಕೂರಿಸಿದೆ. ಇಪ್ಪತ್ತು ದಿನ ಮುಟ್ಟಬೇಡ ಅಂತ ಕೆಂಪು ಇಂಕಿನಲ್ಲಿ ಎರಡು ಗೆರೆ ಎಳೆದು ಬರೆದಿದ್ದೆ ನೋಡು, ಅದನ್ನು ಪಾಲಿಸೋದೇ ಕಷ್ಟವಾಯಿತು. ಐದು ತಿಂಗಳಿಗೆ ಚಿಗುರು ಬಂತು. ದೇವಯ್ಯ ಅದನ್ನು ನೋಡಿ ನಿನ್ನನ್ನು ನೆನೆದು, ಆ ಮಗೀನ್ ಗಿಡಾನೂ ಇಂಗೇ ಇತ್ತು ಕಣ್ರವ್ವ, ಅನ್ಯಾಯವಾಗಿ ಬೇಯಿಸ್ಬುಟ್ರಿ ಅಂದ. ನಾನು ಟೀ ತಾ ಹೋಗು ಅಂತ ಗದರಿದೆ. ಅವನು ತಂದ ಟೀ ಕುಡಿಯಲಾಗಲಿಲ್ಲ.

ನಾಲ್ಕು ವರ್ಷದ ಹಿಂದೆ ನಿನ್ನ ಪ್ಲೇಟಿನಲ್ಲಿ ಇಂಥದೇ ಚಿಗುರು ಬಂದಾಗ ನೀನು ಮಂಡಕಳ್ಳಿಯಿಂದ ಅಪ್ಪ ಮರಿಸ್ವಾಮಿಯವರನ್ನು ಕರೆಸಿ ತೋರಿಸಿದ್ದೆ. ಅವರು ಚಪ್ಪಲಿ ಬಾಗಿಲಲ್ಲೇ ಬಿಟ್ಟು ಒಳಗೆ ಬಂದು, ಇಷ್ಟೇ ಇಷ್ಟು ಇದಾಗೋಕೆ ನಾಲ್ಕು ವರ್ಷ ಓದ್ಬೇಕಾ ಕಣವ್ವ ಅಂತ ನಕ್ಕಿದ್ದರು. ಅದಾಗಿ ಎರಡನೇ ದಿನ ಸರ್ ಪರೀಕ್ಷಿಸಬೇಕು ಅಂತ ನಿನ್ನ ಜರಡಿ ತರಿಸಿದರು. ಕಿಣ್ವದಲ್ಲಿ ಕರಗದ ಎಲೆಚೂರು ನೈಲಾನ್ ಜರಡಿಯಲ್ಲಿ ನಿಲ್ಲಬೇಕು, ಒಂಟಿ ಕೋಶ ಮಾತ್ರ ಕೆಳಗಿಳಿಯಬೇಕು. ಜರಡಿ ಹರಿದಿದ್ದರೆ ಎಲೆಚೂರೂ ಇಳಿಯುತ್ತದೆ. ಎಲೆಚೂರಿನಿಂದ ಗಿಡ ಬರಿಸುವುದರಲ್ಲಿ ಹೆಚ್ಚುಗಾರಿಕೆ ಏನೂ ಇಲ್ಲ. ನಿನ್ನ ಡಬ್ಬಿಯ ಜರಡಿ ಅಂಚಿನಲ್ಲಿ ಬೆರಳು ತೂರುವಷ್ಟು ಹರಿದಿತ್ತು. ಅನುಮಾನ ಬಂದದ್ದನ್ನು ಉಳಿಸಿಕೊಳ್ಳಬಾರದು ಅನ್ನೋದು ನಮ್ಮ ಲ್ಯಾಬಿನ ಕಟ್ಟಳೆ. ಆ ಸಂಜೆಯೇ ನಿನ್ನ ಪ್ಲೇಟುಗಳೆಲ್ಲ ಆಟೋಕ್ಲೇವಿಗೆ ಹೋಗಿ ಹಬೆಯಲ್ಲಿ ಬೆಂದುಹೋದವು. ನಾನು ಸೋಸಿದಾಗ ಚೆನ್ನಾಗಿಯೇ ಇತ್ತು ಪ್ರೇಮಕ್ಕ, ನೀವಾದರೂ ಹೇಳಿ ಅಂತ ನೀನು ನನ್ನ ಕೈ ಹಿಡಿದುಕೊಂಡೆ. ನನಗೆ ಹೇಗೆ ಗೊತ್ತಾಗುತ್ತೆ ಅಂದೆ.

ಇಲ್ಲಿಯವರೆಗೆ ಬರೆದು ಎದ್ದುಹೋಗಿ ಮುಖ ತೊಳೆದು ಬಂದೆ. ಮುಂದಿನದನ್ನು ಬರೆಯದೆ ಕ್ಷಮಿಸು ಅಂತಷ್ಟೇ ಹೇಳಿ ಮುಗಿಸೋಣ ಅಂತಿದ್ದೆ. ಆಗೋದಿಲ್ಲ.

ನನಗೆ ಗೊತ್ತಿತ್ತು. ಹರಿದವಳು ನಾನೇ. ನೀನು ಸೋಸಿ ಹದಿನೈದು ದಿನವಾಗಿತ್ತು. ನನ್ನ ಜರಡಿ ಸಿಗದೆ ನಿನ್ನ ಡಬ್ಬಿಯಿಂದ ತೆಗೆದುಕೊಂಡೆ, ಕೇಳಲಿಲ್ಲ. ಅದನ್ನು ಬರೀ ನೀರಿನಲ್ಲಿ ಜಾಲಾಡಬೇಕು, ಬ್ರಶ್ ತಾಗಿಸಕೂಡದು. ಸೇರಿದ ದಿನವೇ ನಿನಗೆ ಹೇಳಿಕೊಟ್ಟವಳು ನಾನು. ಐದೂವರೆ ಬಸ್ಸಿಗೆ ಹೊತ್ತಾಗುತ್ತಿತ್ತು, ಬಾಟಲಿ ತೊಳೆಯುವ ಬ್ರಶ್ಶಿನಲ್ಲಿ ಉಜ್ಜಿಬಿಟ್ಟೆ. ಪರ್ರ್ ಅಂತ ಹೋಯಿತು. ನಾಳೆ ಹೇಳಿದರಾಯಿತು ಅಂತ ಹಾಗೇ ಮಡಿಸಿ ಡಬ್ಬಿಗೆ ಸೇರಿಸಿದೆ. ನೀನು ಮತ್ತೆ ಸೋಸಲೇ ಇಲ್ಲ, ನಾನು ಮರೆತೆ. ಸರ್ ಅದನ್ನು ಬೆಳಕಿಗೆ ಹಿಡಿದಾಗಲೇ ನೆನಪಾದದ್ದು. ಆದರೂ ಬಾಯಿ ಬಿಡಲಿಲ್ಲ. ಹೆದರಿಕೆ ಒಂದೇ ಆಗಿದ್ದರೆ ಮಾರನೇ ದಿನವಾದರೂ ಹೇಳುತ್ತಿದ್ದೆ. ಹೊಟ್ಟೆಕಿಚ್ಚೂ ಇತ್ತು ಕಣೇ. ಒಂಬತ್ತು ವರ್ಷ ತಿಪ್ಪರಲಾಗ ಹಾಕಿದ ನನಗೆ ಬಾರದ್ದು ನಿನಗೆ ನಾಲ್ಕೇ ವರ್ಷಕ್ಕೆ ಬಂತಲ್ಲ ಅಂತ. ಆ ತಿಂಗಳೇ ನೀನು ಪಿಎಚ್.ಡಿ. ಬಿಟ್ಟು ಹೊರಟೆ. ನಾನು ಗೇಟಿನವರೆಗೂ ಬರಲಿಲ್ಲ.

ಸೋಮವಾರ ಪ್ರಬಂಧ ಹೋಗುವ ಮೊದಲು ಸರ್‌ಗೆ ಎಲ್ಲ ಹೇಳಿ ನಿನ್ನ ಹೆಸರು ಹಾಕಿಸುತ್ತೇನೆ. ಹೇಳಿದ ಮೇಲೆಯೇ ಈ ಕಾಗದ ಅಂಚೆಗೆ ಹಾಕುವುದು. ಇಲ್ಲದಿದ್ದರೆ ಇದೂ ನನ್ನ ಇನ್ನೊಂದು ‘ನಾಳೆ’ ಆಗಿಬಿಡುತ್ತದೆ. ನೀನು ಕ್ಷಮಿಸಬೇಕಾಗಿಲ್ಲ. ಬೈದು ಒಂದು ಸಾಲು ಬರೆದರೂ ಸಾಕು, ಅಷ್ಟಕ್ಕೇ ಋಣಿ.

ಒಂದು ಕಾಲಕ್ಕೆ ನಿನ್ನ ಪ್ರೇಮಕ್ಕನಾಗಿದ್ದ
ಪ್ರೇಮಲೀಲಾ

ಮರೆತ ಮಾತಲ್ಲ, ಆಮೇಲೆ ಆದದ್ದು, ಸೋಮವಾರ ಮಧ್ಯಾಹ್ನ:
ಹೇಳಿಬಿಟ್ಟೆ. ಸರ್ ಬೆಚ್ಚಿಬೀಳುತ್ತಾರೆ ಅಂದುಕೊಂಡಿದ್ದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, ಅವಳ ಗಿಡ ಒಂಟಿ ಕೋಶದ್ದೇ ಅಂತ ನಂಗೆ ಆವತ್ತೇ ಗೊತ್ತಿತ್ತು ಕಣಮ್ಮ ಅಂದರು. ನೀನು ಸೋಸಿದ ಆರನೇ ದಿನ ಆ ಹನಿಯಲ್ಲಿ ಒಂಟಿ ಕೋಶ ಎರಡಾಗಿದ್ದನ್ನು ಅವರೇ ನೋಡಿ, ಪ್ಲೇಟಿನ ಅಡಿಯಲ್ಲಿ ಗುರುತು ಹಾಕಿದ್ದರಂತೆ. ಚಿಗುರಿದ್ದು ಅದೇ ಹನಿ. ಆ ವರ್ಷ ಒಬ್ಬರ ಫೆಲೋಶಿಪ್ ಮಾತ್ರ ಮುಂದುವರಿಯುವುದಿತ್ತಂತೆ. ನಿನ್ನ ಗಿಡ ಉಳಿದಿದ್ದರೆ ನಾನು ಹೋಗಬೇಕಿತ್ತು. ಪ್ರೇಮಲೀಲಾ, ನೀನು ಹೋಗಿದ್ರೆ ಲ್ಯಾಬ್ ನೋಡ್ಕೊಳ್ಳೋರು ಯಾರಮ್ಮ, ಅವಳು ಚಿಕ್ಕವಳು, ಎಲ್ಲಾದ್ರೂ ಬದುಕ್ಕೋತಾಳೆ ಅಂತ ಸುಮ್ಮನಾದೆ ಅಂದರು. ಅಲ್ಲೇ ನಿನ್ನ ಹೆಸರನ್ನು ಮೂರನೆಯದಾಗಿ ಸೇರಿಸಿ ಕಾಗದ ನನ್ನ ಕಡೆ ತಳ್ಳಿದರು. ನಾನು ಸಹಿ ಹಾಕಲಿಲ್ಲ. ಅದಿಲ್ಲದೆ ಪ್ರಬಂಧ ಹೋಗುವ ಹಾಗಿಲ್ಲ. ನಿನ್ನ ಹೆಸರು ಮೊದಲು ಬಂದರೆ ಹಾಕುತ್ತೇನೆ ಅಂದು ಎದ್ದು ಬಂದೆ. ಅವರ ನಿವೃತ್ತಿಗೆ ಇನ್ನು ಹದಿನಾಲ್ಕು ದಿನ ಇದೆ. ಅಷ್ಟರೊಳಗೆ ಒಂದು ಸಲ ಬಾ, ಅವರ ಎದುರಿಗೇ ಕೇಳು. ನಾನು ನಿನ್ನ ಪಕ್ಕದಲ್ಲಿ ನಿಂತಿರುತ್ತೇನೆ. ಆವತ್ತು ನಿಲ್ಲಲಿಲ್ಲ.