ಈ ಸಲದ ರಜೆ ಹವಾನಾಕ್ಕೆ

ಖಾಲಿದಿಯಾ, ಅಬುಧಾಬಿ
ಮಾರ್ಚ್ 2014

ಪ್ರೀತಿಯ ಅಣ್ಣಾ,

ಅಮ್ಮನ ಕಣ್ಣಿಗೆ ಬೀಳಬಾರದೆಂದು ಈ ಕಾರ್ಡನ್ನು ನಿನ್ನ ಗ್ಯಾರೇಜಿನ ವಿಳಾಸಕ್ಕೆ ಹಾಕುತ್ತಿದ್ದೇನೆ. ಎರಡು ವರ್ಷಕ್ಕೊಮ್ಮೆ ಸಿಗುವ ರಜೆ ಮಂಜೂರಾಗಿದೆ. ನಾನು ಊರಿಗೆ ಬರುತ್ತಿಲ್ಲ, ಹವಾನಾಕ್ಕೆ ಹೋಗುತ್ತೇನೆ. ಫೀಸು ಕೇಳದ ಅಲ್ಲಿನ ಆಸ್ಪತ್ರೆಗಳ ಬಗ್ಗೆ ಪುಸ್ತಿಕೆಗಳಲ್ಲಿ ಓದಿದ್ದು ಸಾಕು. ಇಲ್ಲಿ ಕ್ಲಿನಿಕ್ಕಿನ ಕೌಂಟರಿನಲ್ಲಿ ಕೂತು, ಇನ್ಶೂರೆನ್ಸ್ ಇಲ್ಲದವರನ್ನು ದಿನವೂ ಹಿಂದಕ್ಕೆ ಕಳಿಸುವವಳು ನಾನೇ. ಹಾಗೆ ಕಳಿಸದ ಊರನ್ನು ಒಮ್ಮೆ ಕಣ್ಣಾರೆ ನೋಡಬೇಕು.

ರಜೆಯ ಸುದ್ದಿ ಹಬ್ಬಿದ್ದೇ ತಡ, ಎಲ್ಲಿಗೆಂದು ಯಾರೂ ಕೇಳಲಿಲ್ಲ. ಸಂಜೆ ರೂಮಿಗೆ ಬಂದರೆ ನನ್ನ ಮಂಚದ ಮೇಲೆ ಮಂಗಳೂರಿಗೆ ಒಯ್ಯಬೇಕಾದ ಪೊಟ್ಟಣಗಳ ರಾಶಿ! ಹಾಲಿನ ಪುಡಿ, ಸೋಪು, ಖರ್ಜೂರ, ಮಲಗಲು ಜಾಗವಿಲ್ಲ. ರೂಮಿನ ಹಿರಿಯಳಾದ ಲೂರ್ದ್, ತನ್ನ ಅಮ್ಮನ ಮಂಡಿಗೆ ಕಟ್ಟುವ ಬೆಲ್ಟನ್ನೂ ಇಟ್ಟಿದ್ದಳು. ಹವಾನಾ ಎಂದಾಗ ಎಲ್ಲರೂ ನಕ್ಕರು, ಅವಳು ನಗಲಿಲ್ಲ.

“ಎಂಥ ಮಾರಾಯ್ತಿ, ಲೋಕದ ಬಡವರಿಗೆಲ್ಲ ಮದ್ದು ಸಿಗಬೇಕು ನಿಂಗೆ. ನನ್ನಮ್ಮನ ಬೆಲ್ಟು ಯಾರು ಮುಟ್ಟಿಸೋದು?”

ವಾರವಿಡೀ ಅವಳ ಮಾತೇ ತಲೆ ಕೊರೆಯಿತು. ಆದರೂ ಇವತ್ತು ಎಲೆಕ್ಟ್ರಾ ಸ್ಟ್ರೀಟಿನ ಟ್ರಾವೆಲ್ ಏಜೆನ್ಸಿಗೆ ಹೋಗಿ ಹವಾನಾದ ಟಿಕೆಟ್ ತೆಗೆದುಬಿಟ್ಟೆ.

ಮುಂದಿನ ತಿಂಗಳು ಊರಿಗೆ ಬರುವ ನಮ್ಮ ಕ್ಲಿನಿಕ್ಕಿನ ಲೆಸ್ಟರ್ ಕೈಯಲ್ಲಿ ಬೆಲ್ಟನ್ನು ಕಳಿಸುತ್ತೇನೆ. ನೀನೇ ಬಜ್ಪೆ ಏರ್‌ಪೋರ್ಟಿಗೆ ಹೋಗಿ ತೆಗೆದುಕೊಂಡು, ಲೂರ್ದಳ ಅಮ್ಮನ ಮಂಡಿಗೆ ಕಟ್ಟಿ ತೋರಿಸಿ ಬಾ. ಹೋದ ಸಲ ಬರೆದಿದ್ದ ನನ್ನ ಕೆಮ್ಮು ವಾಸಿಯಾಗಿದೆ.

ಈಸ್ಟರ್ ಊಟ ಮುಗಿಯಲಿ, ಆಮೇಲೆ ಅಮ್ಮನಿಗೆ ಫೋನಿನಲ್ಲಿ ನಾನೇ ಹೇಳುತ್ತೇನೆ. ಆಗ ನೀನು ಅವಳ ಪಕ್ಕದಲ್ಲೇ ಕೂತಿರು.

ಡ್ಯೂಟಿಗೆ ಓಡುತ್ತಾ,
ಜಾನಿಸ್