ಏಣಿ ಹಿಡಿದವನ ನಮಸ್ಕಾರ

ಮಾನ್ಯ ಇಂಜಿನಿಯರ್ ಸಾಹೇಬರೇ,

ಬೆಳಕವಾಡಿಯ ಹೊರಗೆ, ಶಿವನಸಮುದ್ರದ ರಸ್ತೆಯಲ್ಲಿ ದೊಡ್ಡವರು ತಂಗಲೆಂದು ತಾವು ಕಟ್ಟಿಸುತ್ತಿರುವ ಬಂಗಲೆಯ ಕೆಲಸದಲ್ಲಿ ಸಣ್ಣತಾಯಮ್ಮ ಎಂಬ ಹೆಂಗಸು ಏಣಿಯಿಂದ ಬಿದ್ದು ಸತ್ತಳು. ಕಾರಣ, 'ಏಣಿ ಹಿಡಿದಿದ್ದ ಕೂಲಿಯವನ ಅಜಾಗರೂಕತೆ' ಎಂದು ತಾವು ವರದಿ ಬರೆದಿದ್ದೀರಿ. ಶಾನುಭೋಗರು ಅದನ್ನು ಚಾವಡಿಯಲ್ಲಿ ಓದಿ ಹೇಳಿದರು. ಆ ಕೂಲಿಯವನು ಅವಳ ಗಂಡ ಬೋರಯ್ಯ. ಅವನು ಏಣಿಯಿಂದ ಕೈ ತೆಗೆದದ್ದು ನಿಜ. ಏಕೆ ತೆಗೆದನೆಂಬುದು ಮಾತ್ರ ವರದಿಯಲ್ಲಿ ಇಲ್ಲ. ಎದುರಿನ ಹುಣಸೆಮರದ ಕೆಳಗೆ ಕೂತು ಕಣ್ಣಾರೆ ಕಂಡವನು ನಾನು, ಹಾಗಾಗಿ ಬರೆಯುತ್ತಿದ್ದೇನೆ.

ಈ ಗಂಡ ಹೆಂಡತಿ ಕಟ್ಟಡದ ಕಸುಬಿನವರಲ್ಲ. ರಾಗಿ ಒಕ್ಕಣೆ ಮುಗಿದ ಮೇಲೆ ಎರಡು ತಿಂಗಳ ಹಂಗಾಮಿ ಕೂಲಿಗೆ ಬಂದವರು. ತಾರಸಿಗೆ ಗಾರೆ ಹೊರುವುದು ಅವಳ ಕೆಲಸ. ನುಣ್ಣನೆಯ ಚಪ್ಪಡಿಯ ಮೇಲೆ ನಿಲ್ಲಿಸಿದ ಬಿದಿರೇಣಿಯ ಬುಡ ಹಿಡಿಯುವುದು ಅವನ ಕೆಲಸ. ಹತ್ತುವ ಮುಂಚೆ ಪ್ರತಿ ಸಲವೂ ಅವಳು, "ಇಡ್ದಿದ್ದೀಯಾ?" ಎನ್ನುವಳು. "ಇಡ್ದಿವ್ನಿ ಕಣಮ್ಮಿ, ಓಗು" ಎನ್ನುವನು. ಅಂದೂ ಹಾಗೆಯೇ ಹತ್ತಿದಳು.

ಆಗ ತಮ್ಮ ಮೋಟಾರು ಬಂತು. ಮೇಸ್ತ್ರಿ ಅಂಕಯ್ಯ, "ಸಾಯೇಬ್ರು ಬಂದ್ರು, ಎಲ್ಲಾ ಕೈ ಮುಗೀರ್ಲಾ!" ಎಂದು ಕೂಗಿದ. ಕಲ್ಲು ಹೊತ್ತವರು ಕಲ್ಲು ಇಳಿಸಿದರು. ಬೋರಯ್ಯ ಏಣಿ ಬಿಟ್ಟು, ತಲೆವಸ್ತ್ರ ತೆಗೆದು ಕಂಕುಳಲ್ಲಿಟ್ಟು, ಎರಡೂ ಕೈ ಜೋಡಿಸಿದ. ಏಣಿಯ ಬುಡ ಜಾರಿತು. ತಾವು ಅವನ ನಮಸ್ಕಾರವನ್ನು ನೋಡಲೂ ಇಲ್ಲ. ಮೋಟಾರು ಯಾವ ನೆರಳಿನಲ್ಲಿ ನಿಲ್ಲಬೇಕೆಂದು ಡ್ರೈವರಿಗೆ ತೋರಿಸುತ್ತಿದ್ದಿರಿ.

ವರದಿಯಲ್ಲಿ ಏಣಿಯ ಉದ್ದವಿದೆ, ಬಿದ್ದ ಎತ್ತರವಿದೆ, ಹೊತ್ತಿದ್ದ ಗಾರೆಯ ಬಾಂಡ್ಲಿಯೂ ಇದೆ. ಮೋಟಾರು ಬಂದದ್ದು ಏಕಿಲ್ಲ ಸ್ವಾಮಿ? ಇಳಿಜಾರಿನಲ್ಲಿ ಗಾಡಿ ನಿಲ್ಲಿಸುವ ರೈತ ಚಕ್ರಕ್ಕೊಂದು ಕಲ್ಲು ಕೊಡುತ್ತಾನೆ, ಅವನಿಗೆ ಯಾರೂ ಹೇಳಬೇಕಿಲ್ಲ. ಏಣಿಯ ತಲೆಯನ್ನು ತೊಲೆಗೆ ಒಂದು ಮಾರು ಹಗ್ಗದಲ್ಲಿ ಕಟ್ಟಿಸುವಷ್ಟು ವಿದ್ಯೆ ತಮ್ಮ ಇಲಾಖೆಗೆ ಬರಲಿಲ್ಲವೇ? ಹೋದ ವರ್ಷ ಹಲಗೂರಿನ ಕೆಲಸದಲ್ಲಿ ಒಬ್ಬ ಹೀಗೆಯೇ ಬಿದ್ದು ಸೊಂಟ ಮುರಿದುಕೊಂಡ. ಅವನೂ ಅಜಾಗರೂಕನಂತೆ! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ಹಳ್ಳಿಯವರ ಮೂಢತನವೆಂದು ಇದುವರೆಗೂ ತಿಳಿದಿದ್ದೆ.

ತಮ್ಮನ್ನಷ್ಟೇ ದೂರಿದರೆ ನನ್ನ ಮನಸ್ಸು ಒಪ್ಪುವುದಿಲ್ಲ. ಬೋರಯ್ಯ ನನ್ನ ಬಳಿ ಮೂರನೇ ತರಗತಿಯವರೆಗೆ ಓದಿದವನು. ಒಮ್ಮೆ ಶಾಲೆಗೆ ಇನ್ಸ್‌ಪೆಕ್ಟರು ಬಂದಾಗ ಸ್ಲೇಟು ಹಿಡಿದುಕೊಂಡೇ ಒಂದು ಕೈಯಲ್ಲಿ ನಮಸ್ಕಾರ ಮಾಡಿದ. ಅವರು ಹೋದ ಮೇಲೆ ಆ ಕೈಗೆ ಬೆತ್ತದಿಂದ ಬಾರಿಸಿದೆ. ಹೆಣ ಮಣ್ಣು ಮಾಡಿ ಬಂದ ದಿನ ನನ್ನ ಜಗುಲಿಯಲ್ಲಿ ಕೂತು ಅವನು ಹೇಳಿದ್ದಿಷ್ಟು: "ಒಂದ್ ಕೈಲಿ ಮುಗುದ್ರೆ ಮರ್ವಾದಿ ಅಲ್ಲ ಅಂತ ಬುಟ್ಬುಟ್ಟೆ ಮೇಷ್ಟ್ರೇ. ನಾನೇ ಕೊಂದ್ಬುಟ್ಟೆ ಅವ್ಳ." ನನಗೆ ಅಳು ತಡೆಯಲಾಗಲಿಲ್ಲ. ನಾನು ಹೊಡೆದದ್ದು ಅವನಿಗೆ ನೆನಪಿತ್ತೋ ಇಲ್ಲವೋ, ಕೇಳುವ ಧೈರ್ಯವೂ ಬರಲಿಲ್ಲ.

ಆದ್ದರಿಂದ ಕೇಳುತ್ತೇನೆ. ಆ ವರದಿಯನ್ನು ತಿದ್ದಿ, ಅದೇ ಚಾವಡಿಯಲ್ಲಿ, ಬೋರಯ್ಯನ ಎದುರಿಗೇ ಓದಿಸಿ. ತಮ್ಮ ಅಧೀನದ ಪ್ರತಿ ಕೆಲಸದಲ್ಲೂ ಏಣಿಯ ತಲೆ ಕಟ್ಟಬೇಕು, ಬುಡಕ್ಕೆ ಕಲ್ಲು ಕೊಡಬೇಕು, ಏಣಿ ಹಿಡಿದವನು ಯಾರು ಬಂದರೂ ಕೈ ಎತ್ತಕೂಡದು ಎಂದು ಹುಕುಂ ಹೊರಡಿಸಿ. ಎರಡು ದಿನದ ಕೂಲಿಗೆ ಬಂದವನಿಗೂ ಇದನ್ನು ಮೊದಲು ಹೇಳಿಸಿ, ಆಮೇಲೆ ಬಾಂಡ್ಲಿ ಕೊಡಿಸಿ.

ಇನ್ನೊಂದು ಮಾತು. ಬೋರಯ್ಯ ಮತ್ತೆ ಅದೇ ಕೆಲಸಕ್ಕೆ ಹೋಗುತ್ತಿದ್ದಾನೆ. ಬೇರೇನೂ ಬೇಡವೆಂದು ಅಂಕಯ್ಯನ ಕಾಲು ಹಿಡಿದು ಏಣಿಯನ್ನೇ ಕೇಳಿ ಪಡೆದಿದ್ದಾನೆ. ಈಗ ಮಲ್ಲಿಗಮ್ಮ ಎಂಬಾಕೆ ಗಾರೆ ಹೊರುತ್ತಾಳೆ. ಅವಳು ಕೇಳದಿದ್ದರೂ ಅವನು ಪ್ರತಿ ಸಲ, "ಇಡ್ದಿವ್ನಿ ಕಣವ್ವ" ಎನ್ನುತ್ತಾನೆ. ತಾವು ಮುಂದಿನ ಸಲ ಬಂದಾಗ ಅವನು ತಮಗೆ ಕೈ ಮುಗಿಯುವುದಿಲ್ಲ. ಅದನ್ನು ಉದ್ಧಟತನವೆಂದು ತಿಳಿದು ದಯವಿಟ್ಟು ಅವನನ್ನು ಕೆಲಸದಿಂದ ತೆಗೆಯಬೇಡಿ.

ಇಂತಿ,
ತಪ್ಪು ಪಾಠವನ್ನು ಚೆನ್ನಾಗಿ ಕಲಿಸಿದ
ಯೋಗಾನರಸಿಂಹಯ್ಯ,
ನಿವೃತ್ತ ಉಪಾಧ್ಯಾಯ, ಬೆಳಕವಾಡಿ
೧೯೩೬