ಸ್ಕುಗ್ಗಿಯ ಮಗ ಎಡಗಿವಿ ತಿರುಗಿಸಿದ್ದು

ಸ್ಟೇನವಾಡ್, ಐಸ್‌ಲೆಂಡ್
ಜುಲೈ 20, 1947

ಪ್ರೀತಿಯ ಅಪ್ಪಾ,

ಕೆಮ್ಮು ಹೇಗಿದೆ? ರಾತ್ರಿ ಬೆವರುವುದು ನಿಂತಿತೆಂದು ನರ್ಸಮ್ಮ ಬರೆದಿದ್ದ ಸಾಲನ್ನು ಅಜ್ಜಿ ನನ್ನಿಂದ ಮತ್ತೆ ಮತ್ತೆ ಓದಿಸಿದಳು. ಮೀನೆಣ್ಣೆ ಕುಡಿಯಿರಿ, ಕಿಟಕಿಯಾಚೆ ಚೆಲ್ಲಬೇಡಿ. ನಾವು ಚೆನ್ನಾಗಿದ್ದೇವೆ. ಕೊಯ್ದ ಹುಲ್ಲಿನಲ್ಲಿ ಅರ್ಧ ಒಣಗಿದೆ, ಅರ್ಧ ಮಳೆಗೆ ಸಿಕ್ಕಿದೆ. ಸೆಪ್ಟೆಂಬರಿನಲ್ಲಿ ನಿಮ್ಮನ್ನು ಮನೆಗೆ ಬಿಡುತ್ತಾರೆಂದು ಓದಿ ಅಜ್ಜಿ ಒಲೆಯ ಮೇಲೆ ನಿಮಗೆಂದೇ ಒಂದು ಕುರಿತೊಡೆ ಹೊಗೆಗೆ ಕಟ್ಟಿದ್ದಾಳೆ. ಆದರೆ ನಮ್ಮ ಕುದುರೆ ಬ್ಲೇರ್‌ನನ್ನು ಆಚೆ ದಡಕ್ಕೆ ಕಳುಹಿಸು, ಸ್ಕುಗ್ಗಿಯ ಮಗನ ಮೇಲೆ ಕೂತೇ ನಮ್ಮ ಹೊಳೆಯ ಕಡವು ದಾಟಿ ಬರುತ್ತೇನೆ ಎಂದು ಬರೆದಿದ್ದೀರಲ್ಲ, ಅದನ್ನು ಅವಳಿಗೆ ಓದಿ ಹೇಳಲಿಲ್ಲ.

ಕಳೆದ ವಾರ ತಳಿ ಪ್ರದರ್ಶನದಲ್ಲಿ ಬ್ಲೇರ್ ಮೊದಲಿಗನಾದ. ಕುದುರೆ ತಳಿ ಸಂಘದ ಹೌಕೂನ್ ಅವರು ಅಳತೆಗೋಲು ಹಿಡಿದು ಅವನ ಎತ್ತರ, ಎದೆ, ಕಾಲಿನ ಮೂಳೆ ಎಲ್ಲ ನೋಡಿದರು. ಕುತ್ತಿಗೆ ಅಪ್ಪನದು, ಬೆನ್ನು ಅಪ್ಪನದು, ಗೊರಸು ಮಾತ್ರ ಅಮ್ಮನದು ಎಂದರು. ಪಕ್ಕದ ಮನೆಯ ಸ್ಟುರ್ಲಾ ಸವಾರಿ ಮಾಡಿದ. ಕೈಯಲ್ಲಿ ಕಾಫಿ ಲೋಟವಿದ್ದರೂ ತುಳುಕದಂಥ ನಡಿಗೆ. "ಮೈಕಟ್ಟು ರಕ್ತದಲ್ಲಿ ಚೆನ್ನಾಗಿ ಇಳಿಯುತ್ತೆ, ನಡಿಗೆ ಅರ್ಧಂಬರ್ಧ ಇಳಿಯುತ್ತೆ, ಸ್ವಭಾವ ಮಾತ್ರ ಸಾಕಿದವರ ಕೈಲಿರೋದು," ಎಂದರು ಹೌಕೂನ್. ಹೊಳೆ ದಾಟುವುದರಲ್ಲಿ ಸ್ಕುಗ್ಗಿಯನ್ನು ಮೀರಿಸಿದ ಕುದುರೆ ಇರಲಿಲ್ಲ, ಆದ್ದರಿಂದ ಮುಂದಿನ ವಸಂತದಲ್ಲಿ ಕಣಿವೆಯ ಹೆಣ್ಣುಕುದುರೆಗಳಿಗೆಲ್ಲ ಬ್ಲೇರ್‌ನನ್ನೇ ಬಿಡಬೇಕಂತೆ. ನಾನು ಒಂದು ಮಾತು ಹೇಳಬೇಕೆಂದು ಎದ್ದೆ, ಎಂದಿನಂತೆ ಮೊದಲ ಅಕ್ಷರದಲ್ಲೇ ಸಿಕ್ಕಿಕೊಂಡೆ. "ಕುದುರೆಯಾದ್ರೂ ಕೆನೆಯುತ್ತೆ ಉನ್ನೂರ್, ನೀನು ಅದೂ ಇಲ್ಲವಲ್ಲೇ," ಎಂದು ಸ್ಟುರ್ಲಾ ಎಲ್ಲರನ್ನೂ ನಗಿಸಿದ. ಮನೆಗೆ ಬಂದರೆ ಅಜ್ಜಿಯದು ಬೇರೆ: "ಆ ಕನ್ನಡಕದವನಿಗೆ ಕುದುರೆ ಅಳೆಯೋಕೆ ಬರುತ್ತೆ. ಹೊಳೆ ಅಳೆದಿದ್ದಾನಾ?"

ದೊಡ್ಡಪ್ಪ ಕೇಟಿಲ್ ಸ್ಕುಗ್ಗಿಯ ಮೇಲೆ ಹೊಳೆ ದಾಟುವಾಗ ಮುಳುಗಿದ ದಿನ ನೀವು ಪೇಟೆಗೆ ಹೋಗಿದ್ದಿರಿ. ತೇಲಿಬಂದ ಮಂಜುಗಡ್ಡೆ ಹೊಡೆಯಿತೆಂದು ಊರು ಹೇಳಿತು, ನೀವೂ ನಂಬಿದಿರಿ. ದಡದಲ್ಲಿದ್ದವರು ಅಜ್ಜಿ ಮತ್ತು ನಾನು. ಮಂಜುಗಡ್ಡೆ ಇರಲಿಲ್ಲ ಅಪ್ಪಾ. ನಡುಹೊಳೆಯಲ್ಲಿ ಸ್ಕುಗ್ಗಿ ತಾನಾಗಿ ನಿಂತ. ಎಡಗಿವಿಯನ್ನು ಮೇಲ್ಗಡೆ ನೀರಿಗೆ ತಿರುಗಿಸಿದ, ಅಲ್ಲಿಂದ ಯಾರೋ ಕರೆದ ಹಾಗೆ. ದೊಡ್ಡಪ್ಪನೂ ಅತ್ತ ನೋಡಿ "ಬಂದೆ" ಎಂದರು. ಆಮೇಲೆ ಕುದುರೆ, ಸವಾರ ಇಬ್ಬರೂ ಅವಸರವಿಲ್ಲದೆ ಆಳದ ಕಡೆ ನಡೆದುಹೋದರು. ಬ್ಲೇರ್ ಆಗ ತಾಯಿಯ ಹೊಟ್ಟೆಯಲ್ಲಿದ್ದ. ಅವನು ಅಪ್ಪನನ್ನು ಕಂಡವನಲ್ಲ. ಅಂದಿನಿಂದ ನಾವು ಸುತ್ತಾದರೂ ಸೇತುವೆ ಮೇಲೇ ಹೋಗುವುದರಿಂದ ಹೊಳೆಗೆ ಇಳಿದವನೂ ಅಲ್ಲ.

ನಿಮ್ಮ ಕಾಗದ ಬಂದ ಮೇಲೆ ನೋಡಿಯೇ ಬಿಡೋಣ ಎನ್ನಿಸಿತು. ಮೊನ್ನೆ ಬೆಳಿಗ್ಗೆ ಸೊಂಟಕ್ಕೆ ಹಗ್ಗ ಬಿಗಿದುಕೊಂಡು, ಅದರ ತುದಿಯನ್ನು ದಡದಲ್ಲಿ ಸ್ಟುರ್ಲಾನ ಕೈಗೆ ಕೊಟ್ಟು, ಬ್ಲೇರ್‌ನ ಬೆನ್ನೇರಿ ಅವನನ್ನು ನೀರಿಗಿಳಿಸಿದೆ. ಎಷ್ಟು ಚೆನ್ನಾಗಿ ನಡೆದನೆಂದರೆ ನನಗೆ ಅಳುವೇ ಬಂತು. ನಡುಹೊಳೆಯಲ್ಲಿ, ಅದೇ ಜಾಗದಲ್ಲಿ, ನಿಂತ. ಎಡಗಿವಿ ತಿರುಗಿತು. ಸ್ಟುರ್ಲಾ ಹಗ್ಗ ಜಗ್ಗಿದ, ನಾನು ಲಗಾಮು ಎಳೆದೆ, ಹೇಗೋ ದಡ ಸೇರಿದೆವು. ಸ್ಟುರ್ಲಾ ಏನೂ ತಮಾಷೆ ಮಾಡಲಿಲ್ಲ. ಮಧ್ಯಾಹ್ನ ನಾನು ಕೇಳಿದ ಕೂಡಲೇ ಬಂದು ಬ್ಲೇರ್‌ನ ಬೀಜ ತೆಗೆದುಕೊಟ್ಟ. ಹೌಕೂನ್ ಅವರು ಬೈದರೆ ಬೈಯಲಿ. ಕಣಿವೆಯ ಮರಿಗಳೆಲ್ಲ ಆ ಕಿವಿ ಹೊತ್ತು ಹುಟ್ಟುವುದು ಬೇಡ.

ಅಜ್ಜಿ ನಿಮ್ಮ ತಲೆ ಸವರಿದೆನೆಂದು ಬರೆಯಲು ಹೇಳಿದಳು. ಬೆಚ್ಚಗಿರಿ.

ನಿಮ್ಮ ಮಗಳು,
ಉನ್ನೂರ್

ಮರೆತ ಮಾತು: ಅಂಚೆಯವನು ಬಾಗಿಲಲ್ಲಿ ಕಾಯುತ್ತಿದ್ದಾನೆ. ಬ್ಲೇರ್ ಕಿವಿ ತಿರುಗಿಸಿದಾಗ ನನಗೂ ಕೇಳಿಸಿತು. ದೊಡ್ಡಪ್ಪನದೇ ದನಿ. "ಬಂದೆ" ಎಂಬುದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ನನಗೆ ಮಾತು ಬೇಗ ಹೊರಡುವುದಿಲ್ಲವಲ್ಲ, ಅದೇ ಉಳಿಸಿತು. ಆದರೆ ಅವರು ಕರೆದದ್ದು ನನ್ನನ್ನಲ್ಲ. "ಮೌರ್, ಮೌರ್" ಎಂದು ನಿಮ್ಮ ಹೆಸರು ಹಿಡಿದು ಕರೆಯುತ್ತಿದ್ದರು. ಸೇತುವೆ ಮೇಲೆ ಬನ್ನಿ ಅಪ್ಪಾ. ಅಲ್ಲಿ ಕೇಳಿಸಿದರೂ ಓಗೊಡಬೇಡಿ.